ಬೂತಾಯಿಯ ಹೊಟ್ಟೆ, ಕಲ್ಲೂರಿನ ದನಿ: ಪಶ್ಚಿಮ ಕರಾವಳಿಯಲ್ಲಿ ಕಡಲಮೀನಿನ ಅಧ್ಯಯನದ ಚರಿತ್ರೆ

ಭಾರತದ ಪಶ್ಚಿಮ ಕರಾವಳಿಯಲ್ಲಿ ಕಡಲಮೀನಿನ ಆಹಾರ, ನಡವಳಿಕೆ ಮತ್ತು ಧ್ವನಿಗಳ ಶಾಸ್ತ್ರೀಯ ಅಧ್ಯಯನ ಬೆಳೆದುಬಂದ ದಾರಿಯನ್ನು ಹಿಂದಕ್ಕೆ ಅನುಸರಿಸುತ್ತ ಹೋದರೆ, ಅದು ಕೊನೆಗೆ ಮೀನೆಣ್ಣೆ, ಉಪ್ಪು ಮತ್ತು ಗೊಬ್ಬರದ ವ್ಯವಹಾರಗಳ ಅಂಗಳಕ್ಕೆ ಬಂದು ನಿಲ್ಲುತ್ತದೆ. ತುಳುವರು ಬೂತಾಯಿ ಎಂದೂ ಕುಂದಾಪುರದ ಕಡೆಯವರು ಬೈಗೆ ಎಂದೂ ಕಾರವಾರದ ಕೊಂಕಣಿಗರು ತಾರ್ಲೆ ಎಂದೂ ಮಲಯಾಳಿಗಳು ಮತ್ತಿ ಎಂದೂ ಕರೆಯುವ ಮೀನು ಕೆಲವು ವರ್ಷ ದಡದಲ್ಲಿ ಮಾರಿ ಮುಗಿಸಲಾಗದಷ್ಟು ರಾಶಿ ಬಿದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಮತ್ತೆ ಕೆಲವು ವರ್ಷ ಅದೇ ಕಡಲಿನಲ್ಲಿ, ಅದೇ ತಿಂಗಳಲ್ಲಿ, ಅವೇ ಬಲೆಗಳನ್ನು ಬಿಟ್ಟರೂ ಹೆಸರಿಗೆ ಮಾತ್ರ ಸಿಕ್ಕುತ್ತಿತ್ತು. ಬಂಗುಡೆಯ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ಮೀನು ಎಲ್ಲಿಗೆ ಹೋಯಿತು, ಏಕೆ ಹೋಯಿತು, ಮತ್ತೆ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೇಕಾದಾಗ, ಅದು ಏನನ್ನು ತಿನ್ನುತ್ತದೆ, ಹೇಗೆ ಹಿಂಡುಗಟ್ಟುತ್ತದೆ, ಯಾವುದಕ್ಕೆ ಬೆದರುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಯಿತು.

ಈ ತಿಳಿವಳಿಕೆ ಬರಿಗೈಯಿಂದ ಆರಂಭವಾದುದೇನೂ ಅಲ್ಲ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಗಾಬಿತರು ತಲೆತಲಾಂತರದಿಂದ ಕಡಲನ್ನು ಓದುತ್ತ ಬಂದವರು. ಮಳೆಗಾಲದ ಅಬ್ಬರ ಇಳಿದು, ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ದೋಣಿಗಳನ್ನು ನೀರಿಗಿಳಿಸುವ ವಾಡಿಕೆಯ ಹಿಂದೆ, ಆ ಹೊತ್ತಿಗೆ ಹಿಂಡುಗಳು ದಡಕ್ಕೆ ಹತ್ತಿರವಾಗುತ್ತವೆ ಎಂಬ ಅನುಭವವೂ ಸೇರಿತ್ತು. ನೀರಿನ ಮೇಲ್ಮೈ ಕದಡಿದ ರೀತಿ, ಬಣ್ಣದ ಬದಲಾವಣೆ, ಹಕ್ಕಿಗಳು ಎರಗುವ ಜಾಗ, ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ ಈಜುವ ಹಿಂಡು ಎಬ್ಬಿಸುವ ತಣ್ಣನೆಯ ಬೆಳಕು, ಇವುಗಳಿಂದ ಹಿಂಡು ಬೂತಾಯಿಯದೋ ಬಂಗುಡೆಯದೋ ಎಂದು ಹೇಳಬಲ್ಲ ಕಣ್ಣುಗಳು ಪ್ರತಿಯೊಂದು ಮೀನುಗಾರಿಕೆಯ ಊರಿನಲ್ಲೂ ಇದ್ದವು. ಮುಂದೆ ಬಂದ ವಿಜ್ಞಾನಿಗಳಲ್ಲಿ ಗಟ್ಟಿ ಕೆಲಸ ಮಾಡಿದವರೆಲ್ಲರೂ ಈ ಕಣ್ಣುಗಳ ನೆರವು ಪಡೆದವರೇ. ಆದರೆ ಮೀನಿನ ಹೊಟ್ಟೆಯೊಳಗೆ ಇರುವುದು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದರಿಂದ, ಅಲ್ಲಿಂದ ಮುಂದಕ್ಕೆ ಬೇರೆ ಉಪಕರಣ ಮತ್ತು ಬೇರೆ ಬಗೆಯ ತಾಳ್ಮೆ ಬೇಕಾಗಿದ್ದವು.

ಭಾರತದ ಕಡಲಮೀನುಗಳನ್ನು ಕುರಿತ ಯುರೋಪಿಯನ್ನರ ಆರಂಭದ ಗ್ರಂಥಗಳಲ್ಲಿ ನಡವಳಿಕೆಗಿಂತ ರೂಪಕ್ಕೇ ಪ್ರಾಶಸ್ತ್ಯ. ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ಚಿತ್ರ ಮತ್ತು ವರ್ಣನೆಗಳನ್ನು 1803ರಲ್ಲಿ ಪ್ರಕಟಿಸಿ, ಅಲ್ಲಿನ ಬೆಸ್ತರು ಹೇಳಿದ ಹೆಸರುಗಳನ್ನೇ ದಾಖಲಿಸಿದನು. ಬಂಗುಡೆಗೆ ಇಂದಿಗೂ ವಿಜ್ಞಾನಲೋಕದಲ್ಲಿರುವ ರಾಸ್ಟ್ರೆಲ್ಲಿಜರ್ ಕಾನಗುರ್ಟ ಎಂಬ ಹೆಸರಿನ ಎರಡನೆಯ ಭಾಗ ಆ ಪುಸ್ತಕದಿಂದ ಬಂದುದು. ಮದರಾಸು ಸೈನ್ಯದ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಕೊಚ್ಚಿಯಲ್ಲಿದ್ದ ದಿನಗಳ ಫಲವಾಗಿ 1865ರಲ್ಲಿ ಮಲಬಾರಿನ ಮೀನುಗಳನ್ನು ಕುರಿತ ಗ್ರಂಥವನ್ನೂ, 1875ರಿಂದ 1878ರ ನಡುವೆ ಭಾರತದ ಮೀನುಗಳ ಬೃಹತ್ ಸಂಪುಟಗಳನ್ನೂ ಹೊರತಂದನು. ಆಳದಲ್ಲಿ ಅವನು ವರ್ಗೀಕರಣಕಾರ. ಆದರೂ 1873ರ ಅವನ ವರದಿ ಭಾರತ ಮತ್ತು ಬರ್ಮಾದ ಕಡಲ ಮೀನುಗಾರಿಕೆಯನ್ನು, ಅದರಲ್ಲೂ ಉಪ್ಪಿನ ತೆರಿಗೆಯಿಂದ ಮೀನು ಒಣಗಿಸುವವರು ಪಡುತ್ತಿದ್ದ ಪಾಡನ್ನು ಸರ್ಕಾರದ ಮುಂದಿಟ್ಟಿತು. ಮುಂದೆ ದಕ್ಷಿಣ ಕನ್ನಡವೂ ಸೇರಿದಂತೆ ಮದರಾಸು ಪ್ರಾಂತ್ಯದ ಕರಾವಳಿಯುದ್ದಕ್ಕೂ ತೆರಿಗೆಯಿಲ್ಲದ ಉಪ್ಪು ಒದಗಿಸುವ ಮೀನು ಉಪ್ಪುಹಾಕುವ ಅಂಗಳಗಳು ತೆರೆದುಕೊಂಡವು. ಉಪ್ಪಿನ ಲೆಕ್ಕಕ್ಕಾಗಿ ಅಲ್ಲಿನ ಗುಮಾಸ್ತರು ಬರೆದಿಟ್ಟ ದಾಖಲೆಗಳು, ಯಾವ ಮೀನು ಯಾವ ತಿಂಗಳಲ್ಲಿ ಎಷ್ಟು ಬಂತು ಎಂಬುದರ ಮೊದಮೊದಲ ಲಿಖಿತ ಸಾಕ್ಷ್ಯವಾಗಿ ಮುಂದಿನ ತಲೆಮಾರಿನ ವಿಜ್ಞಾನಿಗಳ ಕೈಗೆ ಸಿಕ್ಕವು.

ಇಂದು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಎಂದು ಒಂದೇ ರಾಜ್ಯದಲ್ಲಿರುವ ಕರಾವಳಿ ಆಗ ಒಂದೇ ಆಡಳಿತದ ಕೆಳಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಇದರಿಂದಾಗಿ ಮಂಗಳೂರಿನ ಬೂತಾಯಿ ಮಲಬಾರಿನ ಮತ್ತಿಯೊಂದಿಗೆ ಒಂದೇ ಕಡತದಲ್ಲಿ ಪರಿಶೀಲನೆಗೆ ಬಂದರೆ, ಕಾರವಾರದ ತಾರ್ಲೆ ಬಹುಕಾಲ ಇನ್ನೊಂದು ಕಡತದಲ್ಲಿತ್ತು.

ಮದರಾಸು ಸರ್ಕಾರ 1905ರಲ್ಲಿ ಮೀನುಗಾರಿಕೆಯ ಪರಿಶೀಲನೆಗಾಗಿ ನೇಮಿಸಿದ ಫ್ರೆಡ್ರಿಕ್ ನಿಕೋಲ್ಸನ್ ನಿವೃತ್ತ ಆಡಳಿತಾಧಿಕಾರಿ. ಗ್ರಾಮೀಣ ಸಾಲದ ಸಮಸ್ಯೆಯನ್ನು ಕುರಿತು ವರದಿ ಬರೆದು ಸಹಕಾರ ಚಳವಳಿಗೆ ದಾರಿ ತೋರಿದವರಲ್ಲಿ ಒಬ್ಬ. 1907ರಲ್ಲಿ ರೂಪುಗೊಂಡ ಮದರಾಸು ಫಿಶರೀಸ್ ಬ್ಯೂರೋ ಅವನ ಕೈಯಲ್ಲಿ ಬೆಳೆಯಿತು. ಮಲಬಾರಿನ ತಾನೂರಿನಲ್ಲಿ ಅವನು ಸ್ಥಾಪಿಸಿದ ಪ್ರಯೋಗ ಕೇಂದ್ರದಲ್ಲಿ, ಅದುವರೆಗೆ ಕೊಳೆಸಿ ಎಣ್ಣೆ ತೆಗೆಯುತ್ತಿದ್ದ ಬೂತಾಯಿಯನ್ನು ತಾಜಾ ಇರುವಾಗಲೇ ಬೇಯಿಸಿ ಹಿಂಡಿ, ಎಣ್ಣೆಯನ್ನೂ ಒಣಹಿಂಡಿಯ ರೂಪದ ಗೊಬ್ಬರವನ್ನೂ ಬೇರೆಬೇರೆಯಾಗಿ ಪಡೆಯುವ ವಿಧಾನ ಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡಗಳಲ್ಲಿ ಇಂಥ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. ಎಣ್ಣೆ ಚರ್ಮ ಹದಮಾಡುವವರಿಗೂ ಮರದ ದೋಣಿಗಳಿಗೆ ಬಳಿಯುವವರಿಗೂ ಹೋಯಿತು, ಗೊಬ್ಬರ ತೋಟಗಳಿಗೆ ಹೋಯಿತು. ಇಷ್ಟೊಂದು ಬಂಡವಾಳ ಒಂದೇ ಮೀನಿನ ಬೆನ್ನ ಮೇಲೆ ಕುಳಿತ ಮೇಲೆ, ಆ ಮೀನು ಬರದ ವರ್ಷ ಊಟದ ಬಡತನದ ಜೊತೆಗೆ ಕಾರ್ಖಾನೆಯ ನಷ್ಟವೂ ಆಗತೊಡಗಿದ್ದರಿಂದ, ಸರ್ಕಾರಕ್ಕೆ ಮೀನಿನ ಜೀವನಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ.

ಆ ಜೀವನಚರಿತ್ರೆಯನ್ನು ಬರೆಯುವ ಹೊಣೆ ಜೇಮ್ಸ್ ಹಾರ್ನೆಲ್ ಮೇಲೆ ಬಿತ್ತು. ಸಿಂಹಳದ ಮುತ್ತಿನ ಚಿಪ್ಪಿನ ಅಧ್ಯಯನದಲ್ಲಿ ಪಳಗಿ 1908ರಲ್ಲಿ ಮದರಾಸಿಗೆ ಬಂದು, ಮುಂದೆ ಇಲಾಖೆಯ ನಿರ್ದೇಶಕನೂ ಆದ ಈತ ಕಡಲಿಗೆ ಸಂಬಂಧಪಟ್ಟ ಯಾವುದನ್ನೂ ಬಿಟ್ಟವನಲ್ಲ. ಭಾರತದ ದೋಣಿಗಳ ರಚನೆಯನ್ನು ಕುರಿತು ಅವನು ಬರೆದದ್ದು ಇಂದಿಗೂ ಆಧಾರಗ್ರಂಥ. ಎಂ. ರಾಮಸ್ವಾಮಿ ನಾಯುಡು ಅವರೊಂದಿಗೆ 1920ರ ದಶಕದ ಆರಂಭದಲ್ಲಿ ಕೋಳಿಕ್ಕೋಡಿನ ವೆಸ್ಟ್ ಹಿಲ್ ಕೇಂದ್ರದಿಂದ ಅವನು ಪ್ರಕಟಿಸಿದ ಬೂತಾಯಿಯ ಅಧ್ಯಯನ ಹಲವು ಅಂಶಗಳಿಂದ ಮೈಲಿಗಲ್ಲೆನಿಸುತ್ತದೆ. ಮೀನಿನ ಆಹಾರ, ಬೆಳವಣಿಗೆ ಮತ್ತು ಸಂತಾನೋತ್ಪತ್ತಿಯನ್ನು ಅದು ಸುತ್ತಲಿನ ನೀರಿನ ಪ್ಲವಕದೊಂದಿಗೆ ಇಟ್ಟು ನೋಡಿತು. ಪ್ಲವಕವೆಂದರೆ ಪ್ರವಾಹಕ್ಕೆ ಎದುರಾಗಿ ಈಜಲಾರದೆ ನೀರಿನಲ್ಲಿ ತೇಲುತ್ತ ಸಾಗುವ ಸೂಕ್ಷ್ಮ ಸಸ್ಯ ಮತ್ತು ಪ್ರಾಣಿಗಳ ಸಮುದಾಯ. ನಯವಾದ ರೇಷ್ಮೆಯ ಜರಡಿಬಟ್ಟೆಯಿಂದ ಹೊಲಿದ ಶಂಕುವಿನಾಕಾರದ ಬಲೆಯನ್ನು ದೋಣಿಯ ಹಿಂದೆ ಎಳೆದು ಅದನ್ನು ಹಿಡಿಯುತ್ತಾರೆ. ಮೀನಿನ ಹೊಟ್ಟೆಯಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಅದೇ ದಿನ ನೀರಿನಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಜೋಡಿಸಿದ್ದು ಆ ಕೃತಿಯ ನಿಜವಾದ ಕೊಡುಗೆ. ಅದರ ಕೆಲವು ತೀರ್ಮಾನಗಳನ್ನು ಮುಂದಿನವರು ತಿದ್ದಿದರು. ಕೇಳುವ ಕ್ರಮವನ್ನು ಯಾರೂ ಬಿಡಲಿಲ್ಲ.

ಈ ಕ್ರಮ ದಿನನಿತ್ಯದ ಕೆಲಸವಾಗಿ ಹೇಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಯೋಗ್ಯ. ದೋಣಿ ದಡಕ್ಕೆ ಬಂದೊಡನೆ ರಾಶಿಯ ಬೇರೆಬೇರೆ ಕಡೆಗಳಿಂದ ಮೀನುಗಳನ್ನು ಆರಿಸಿ, ಉದ್ದ ಅಳೆದು, ತೂಗಿ, ಗಂಡುಹೆಣ್ಣು ಗುರುತಿಸಿ, ಅಂಡಾಶಯ ಅಥವಾ ವೃಷಣ ಎಷ್ಟು ಬಲಿತಿದೆ ಎಂದು ಬರೆದುಕೊಂಡು, ಹೊಟ್ಟೆಯನ್ನು ಬಿಡಿಸಿ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು. ಪಚನಕ್ರಿಯೆ ಮೀನು ಸತ್ತ ಮೇಲೂ ಕೆಲಹೊತ್ತು ನಡೆಯುವುದರಿಂದ ಇಲ್ಲಿ ತಡಮಾಡುವಂತಿಲ್ಲ. ಪ್ರಯೋಗಾಲಯದಲ್ಲಿ ಮೊದಲು ಹೊಟ್ಟೆ ತುಂಬಿದೆಯೋ, ಮುಕ್ಕಾಲೋ, ಅರೆಯೋ, ಕಾಲೋ, ಖಾಲಿಯೋ ಎಂದು ದರ್ಜೆ ಹಾಕುತ್ತಾರೆ. ಬಳಿಕ ಸೀಳಿದಾಗ ಹೊರಬರುವುದು, ಮಳೆಗಾಲದ ಕೊನೆಯ ಬೂತಾಯಿಯಾದರೆ, ಹಸಿರುಗಂದು ಬಣ್ಣದ ಲೇಹ್ಯದಂಥ ಮುದ್ದೆ. ಅದನ್ನು ನೀರಿನಲ್ಲಿ ಕದಡಿ, ಗೊತ್ತಾದ ಪ್ರಮಾಣವನ್ನು ಗೀಟು ಹಾಕಿದ ಎಣಿಕೆಯ ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಚೌಕವನ್ನು ದಾಟುತ್ತ ಹೋದಾಗ ಆ ಮುದ್ದೆ ಸಾವಿರಾರು ಜೀವಿಗಳಾಗಿ ಬಿಡಿಸಿಕೊಳ್ಳುತ್ತದೆ: ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ಬದುಕುವ ಏಕಕೋಶ ಸಸ್ಯಗಳಾದ ಡಯಾಟಮ್‌ಗಳು, ಅವುಗಳಲ್ಲಿ ದುಂಡಗಿನ ಕೋಸಿನೋಡಿಸ್ಕಸ್, ಬಾಗಿದ ಪ್ಲೂರೋಸಿಗ್ಮ, ಪಟ್ಟಿಯಾಗಿ ಜೋಡಿಕೊಂಡ ಫ್ರಾಜಿಲೇರಿಯ, ಅವುಗಳ ನಡುವೆ ಕೋಪೆಪಾಡ್ ಎಂಬ ಸಿಗಡಿಯ ದೂರದ ಬಂಧುಗಳ ಮುರಿದ ಕಾಲು ಮತ್ತು ಮೀಸೆಗಳು, ಚಿಪ್ಪುಜೀವಿಗಳ ಮರಿಗಳು. ಪಚನವಾಗಿ ಹೋದವುಗಳನ್ನು ಎಣಿಸಲಾಗದು, ಗಟ್ಟಿ ಚಿಪ್ಪಿನವು ಮಾತ್ರ ಎದ್ದು ಕಾಣುತ್ತವೆ ಎಂಬ ಎಚ್ಚರ ಸದಾ ಬೇಕು. ಸಂಖ್ಯೆಯಲ್ಲಿ ಹೆಚ್ಚಿರುವುದು ಗಾತ್ರದಲ್ಲಿ ಅಲ್ಪವಾಗಿರಬಹುದು. ಎಣಿಕೆ, ಗಾತ್ರ, ಎಷ್ಟು ಮೀನುಗಳಲ್ಲಿ ಕಂಡಿತು ಎಂಬ ಆವರ್ತನೆ, ಈ ಮೂರರಲ್ಲಿ ಯಾವುದನ್ನು ನಂಬಬೇಕು ಎಂಬುದರ ಮೇಲೆ ಟಿ.ವಿ.ಆರ್. ಪಿಳ್ಳೈ 1952ರಲ್ಲಿ ಬರೆದ ವಿಮರ್ಶೆ ಭಾರತದ ಮೀನುವಿಜ್ಞಾನಿಗಳೆಲ್ಲರೂ ಓದಿಕೊಂಡ ಪಾಠವಾಯಿತು.

ಹೊಟ್ಟೆಗೆ ಇಳಿಯುವುದಕ್ಕೆ ಮುಂಚೆ ಆಹಾರವನ್ನು ಹಿಡಿಯುವ ಅಂಗ ಕಿವಿರಿನಲ್ಲಿದೆ. ಕಿವಿರಿನ ಕಮಾನುಗಳ ಒಳಬದಿಯಲ್ಲಿ ಹಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತ ಕಡ್ಡಿಗಳು, ಬಾಯಿಯಿಂದ ಒಳಬಂದು ಕಿವಿರಿನ ಮೂಲಕ ಹೊರಹೋಗುವ ನೀರನ್ನು ಸೋಸುತ್ತವೆ. ಬೂತಾಯಿಯ ಒಂದು ಕಮಾನಿನ ಕೆಳಭಾಗದಲ್ಲೇ ಇಂಥ ಕಡ್ಡಿಗಳು ನೂರೈವತ್ತಕ್ಕೂ ಹೆಚ್ಚಿದ್ದು, ಅವುಗಳ ನಡುವಿನ ಸಂದು ಡಯಾಟಮ್‌ಗಳನ್ನೂ ಬಿಡದಷ್ಟು ಕಿರಿದು. ಬಂಗುಡೆಯಲ್ಲಿ ಅವು ಸಂಖ್ಯೆಯಲ್ಲಿ ಕಡಿಮೆ, ಆದರೆ ಗರಿಗಳಂತೆ ನೀಳವಾಗಿದ್ದು ಮೀನು ಬಾಯ್ತೆರೆದಾಗ ಹೊರಗಿನಿಂದಲೇ ಕಾಣುತ್ತವೆ. ಹೀಗಾಗಿ ಒಂದೇ ನೀರಿನಲ್ಲಿ, ಒಂದೇ ಋತುವಿನಲ್ಲಿ ಇದ್ದರೂ ಬೂತಾಯಿ ಸಸ್ಯಪ್ಲವಕದ ಕಡೆಗೂ ಬಂಗುಡೆ ಪ್ರಾಣಿಪ್ಲವಕದ ಕಡೆಗೂ ಹೆಚ್ಚು ವಾಲುತ್ತವೆ. ಇವೆರಡನ್ನೂ ಸಾಕುವ ತಾಯಿ ನೈಋತ್ಯ ಮಾರುತ. ಆ ಗಾಳಿಯ ಕಾಲದಲ್ಲಿ ಕರಾವಳಿಯ ಮೇಲ್ನೀರು ಹೊರಕ್ಕೆ ಸರಿದು ತಳದ ತಂಪು ನೀರು ಮೇಲೇಳುತ್ತದೆ. ಅದರೊಂದಿಗೆ ಬಂದ ನೈಟ್ರೇಟ್, ಫಾಸ್ಫೇಟ್ ಮೊದಲಾದ ಪೋಷಕಾಂಶಗಳಿಂದ ಡಯಾಟಮ್‌ಗಳು ಉಕ್ಕಿ ಬೆಳೆಯುತ್ತವೆ. ಅದೇ ಹೊತ್ತಿಗೆ ಮೊಟ್ಟೆಯಿಟ್ಟು ಬಡಕಲಾದ ಬೂತಾಯಿ ಮಳೆಗಾಲದ ನಂತರ ಮೇದು ಕೊಬ್ಬುತ್ತದೆ. ಕಾರ್ಖಾನೆಯವರಿಗೆ ಅಕ್ಟೋಬರ್ ಕಳೆದ ಮೇಲಿನ ಮೀನಿನಲ್ಲಿ ಎಣ್ಣೆ ಹೆಚ್ಚು ಎಂದು ತಿಳಿದಿದ್ದುದಕ್ಕೂ, ಸೂಕ್ಷ್ಮದರ್ಶಕದಡಿ ಕಂಡ ಡಯಾಟಮ್ ಚಿಪ್ಪುಗಳಿಗೂ ಇರುವ ನಂಟು ಇಲ್ಲಿ ಸ್ಪಷ್ಟವಾಯಿತು.

1940ರ ದಶಕದಲ್ಲಿ ಬೂತಾಯಿ ವರ್ಷಗಟ್ಟಲೆ ಕೈಕೊಟ್ಟಿತು. ಮದರಾಸು ಇಲಾಖೆಯ ಡಿ.ಡಬ್ಲ್ಯೂ. ದೇವನೇಸನ್ 1943ರಲ್ಲಿ ಈ ಏರಿಳಿತದ ಕಾರಣಗಳನ್ನು ಹುಡುಕಿ, ಎಳೆಯ ಮೀನುಗಳನ್ನೂ ಮೊಟ್ಟೆಯಿಡಲಿರುವ ಮೀನುಗಳನ್ನೂ ಮಿತಿಮೀರಿ ಹಿಡಿದುದೇ ಕುಸಿತಕ್ಕೆ ಕಾರಣವೆಂದು ವಾದಿಸಿದರು. ಅದರ ಬೆನ್ನಲ್ಲೇ ಕೆಲವು ಬಗೆಯ ಬಲೆಗಳ ಮೇಲೆ ನಿರ್ಬಂಧ ಬಂದು, ಕೆಲವೇ ವರ್ಷಗಳಲ್ಲಿ ಹಿಂದಕ್ಕೂ ಹೋಯಿತು. ಸಣ್ಣ ದೋಣಿಗಳು ದಡದ ಸಮೀಪ ಹಿಡಿದ ಮೀನಿನಿಂದ ಇಡೀ ಸಂತತಿಯೇ ಸೊರಗಬಹುದೇ, ಅಥವಾ ಮೀನಿನ ಅದೃಷ್ಟ ಮಳೆ, ಪ್ರವಾಹ ಮತ್ತು ಪ್ಲವಕದ ಕೈಯಲ್ಲಿದೆಯೇ ಎಂಬ ಚರ್ಚೆ ಅಂದಿನಿಂದ ಇಂದಿನವರೆಗೂ ಬಿಸಿಯಾಗಿಯೇ ಇದೆ. ಆ ಕಾಲದ ಹಿಡಿತದ ಸಾಮರ್ಥ್ಯವನ್ನು ನೆನೆದರೆ ಎರಡನೆಯ ಪಕ್ಷದ ವಾದ ಹೆಚ್ಚು ಬಲವಾಗಿ ತೋರುತ್ತದೆ. ಆದರೆ ಬೆಳವಣಿಗೆಯ ಲೆಕ್ಕವಿಲ್ಲದೆ ಎಳೆಯ ಮೀನು ಯಾವುದು, ಬಲಿತದ್ದು ಯಾವುದು ಎಂದೇ ಹೇಳಲಾಗದು ಎಂಬ ದೇವನೇಸನ್ನರ ಆಗ್ರಹ ಸರಿಯಾಗಿತ್ತು. ವಯಸ್ಸನ್ನು ತಿಳಿಯಲು ಹುರುಪೆಯ ಮೇಲಿನ ಮತ್ತು ಮೀನಿನ ಒಳಕಿವಿಯ ಕಲ್ಲಿನ ಮೇಲಿನ ಉಂಗುರಗಳನ್ನು ಓದುವ ಕೆಲಸ ಮುಂದುವರಿಯಿತು.

1947ರ ಫೆಬ್ರವರಿಯಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಬಿಡಿಬಿಡಿ ಪ್ರಯತ್ನಗಳನ್ನು ಒಂದು ಸೂತ್ರಕ್ಕೆ ತಂದಿತು. ಕೋಳಿಕ್ಕೋಡಿನಲ್ಲಿ ಅದರ ಆರಂಭದ ಕೆಲಸಕ್ಕೆ ನೆಲೆ ಒದಗಿಸಿದವರಲ್ಲಿ ಬಿ.ಎಸ್. ಭೀಮಾಚಾರ್ ಪ್ರಮುಖರು. ಮೈಸೂರು ಸಂಸ್ಥಾನದ ಹೊಳೆಮೀನುಗಳ ಮೇಲೆ ಕೆಲಸ ಮಾಡಿದ್ದ ಅವರು, ಮೀನಿನ ಮೆದುಳಿನ ರಚನೆಗೂ ಅದು ಮೇಯುವ ರೀತಿಗೂ ಇರುವ ಸಂಬಂಧವನ್ನು ಕುರಿತು 1935ರಲ್ಲೇ ಬರೆದಿದ್ದರು. ಅಂಥ ಹಿನ್ನೆಲೆಯವರು ಬಂಗುಡೆಯ ಆಹಾರವನ್ನು ಕೈಗೆತ್ತಿಕೊಂಡದ್ದು ಕಡಲಮೀನಿನ ಅಧ್ಯಯನಕ್ಕೆ ಒದಗಿದ ಭಾಗ್ಯವೆನ್ನಬೇಕು. ಪಿ.ಸಿ. ಜಾರ್ಜ್ ಅವರೊಡನೆ ಅವರು 1950ರಲ್ಲಿ ಪ್ರಕಟಿಸಿದ ಲೇಖನ ಮಲಬಾರ್ ಮತ್ತು ಕನ್ನಡ ಕರಾವಳಿಯ ಮೀನುಗಾರಿಕೆ ಥಟ್ಟನೆ ನಿಂತುಹೋಗುವ ವಿದ್ಯಮಾನಕ್ಕೆ ಕೆಂಪು ನೀರನ್ನು ಸಂಭವನೀಯ ಕಾರಣವಾಗಿ ತೋರಿಸಿತು. ನಾಕ್ಟಿಲ್ಯೂಕ ಎಂಬ ಏಕಕೋಶ ಜೀವಿ ಲೆಕ್ಕವಿಲ್ಲದಷ್ಟು ಹೆಚ್ಚಿ ನೀರಿಗೆ ಕೆಂಪು ಛಾಯೆ ಬಂದಾಗ ಬಂಗುಡೆಯ ಹಿಂಡು ಆ ಜಾಗವನ್ನು ತೊರೆಯುತ್ತದೆ ಎಂಬ ಅವರ ವಿವರಣೆ, ಮೀನಿನ ನಡವಳಿಕೆಯನ್ನು ಅದರ ಆಹಾರದ ಲೋಕದಿಂದಲೇ ಅರ್ಥಮಾಡಿಕೊಂಡ ಸುಂದರ ಉದಾಹರಣೆ. ಹಾರ್ನೆಲ್ ಕೂಡ 1917ರಲ್ಲಿ ಸೂಕ್ಷ್ಮಜೀವಿಗಳ ಉಕ್ಕಿನಿಂದ ಮೀನುಗಳು ಸಾಮೂಹಿಕವಾಗಿ ಸಾಯುವುದನ್ನು ವರದಿ ಮಾಡಿದ್ದನು. 1952ರಲ್ಲಿ ಭೀಮಾಚಾರ್ ಮತ್ತು ಜಾರ್ಜ್ ಬಂಗುಡೆಯ ಆಹಾರವನ್ನು ಕುರಿತ ವಿಸ್ತಾರವಾದ ಲೇಖನವನ್ನು ಪ್ರಕಟಿಸಿದರು.

1955ರಲ್ಲಿ ಆರ್.ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಫ್ರಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮ್ ಹೇರಳವಾದ ನೀರು ಬೂತಾಯಿ ಹೇರಳವಾಗುವುದರ ಸೂಚಕ ಎಂದು ಪ್ರಕಟಿಸಿದರು. ದಶಕಗಳ ಕಾಲ ಹೊಟ್ಟೆಗಳನ್ನು ಸೀಳಿ ಎಣಿಸಿದ ಕೆಲಸ ಕೊನೆಗೆ ಬರಿಗಣ್ಣಿಗೆ ಕಾಣದ ಒಂದು ಸಸ್ಯದ ಹೆಸರನ್ನು ಮೀನುಗಾರಿಕೆಯ ಮುನ್ಸೂಚನೆಯ ಪಟ್ಟಿಗೆ ಸೇರಿಸಿತು. ಒಂದೇ ಸೂಚಕವನ್ನು ನಂಬಿ ಕಡಲಿನ ಭವಿಷ್ಯ ಹೇಳಲಾಗದು ಎಂದು ನಂತರದ ವರ್ಷಗಳು ತೋರಿಸಿದರೂ, ಆ ಲೇಖನದ ಧೈರ್ಯ ಮೆಚ್ಚತಕ್ಕದ್ದು.

ಕನ್ನಡ ನಾಡಿನ ಮಟ್ಟಿಗೆ ಈ ಚರಿತ್ರೆಯ ಕೇಂದ್ರಗಳು ಕಾರವಾರ ಮತ್ತು ಮಂಗಳೂರು, ಅದರ ಸಾಧನ ರಂಪಣಿ. ರಂಪಣಿಯೆಂದರೆ ದಡದಿಂದ ಎಳೆಯುವ ಬೃಹತ್ ಬಲೆ. ಪಾಲುದಾರರು ತಂದ ತುಂಡುಗಳನ್ನು ಜೋಡಿಸಿ ಇಡೀ ಬಲೆಯನ್ನು ಸಿದ್ಧಪಡಿಸುತ್ತಿದ್ದರು. ದೊಡ್ಡ ದೋಣಿಯೊಂದು ಹಿಂಡನ್ನು ಸುತ್ತುವರಿಯುತ್ತ ಅದನ್ನು ಅರ್ಧಚಂದ್ರಾಕಾರವಾಗಿ ಬಿಟ್ಟುಬಂದರೆ, ದಡದಲ್ಲಿ ನಿಂತ ಹತ್ತಾರು ಮಂದಿ ಎರಡೂ ತುದಿಗಳ ಹಗ್ಗಗಳನ್ನು ಹಿಡಿದು ಎಳೆಯುತ್ತಿದ್ದರು. ಮೀನು ಬಹಳವಿದ್ದಾಗ ಅದನ್ನು ಬಲೆಯ ಆವರಣದಲ್ಲೇ ಜೀವಂತವಾಗಿ ಉಳಿಸಿ, ಪೇಟೆಯ ಬೇಡಿಕೆ ನೋಡಿಕೊಂಡು ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ತೆಗೆಯುವುದೂ ಇತ್ತು. ಬಲೆಗಣ್ಣಿನ ಅಳತೆಗೆ ತಕ್ಕ ಗಾತ್ರದ ಮೀನನ್ನು ಮಾತ್ರ ಹಿಡಿಯುವ ಬೀಡುಬಲೆಗಳಂತಲ್ಲದೆ ರಂಪಣಿ ಇಡೀ ಹಿಂಡನ್ನು, ಚಿಕ್ಕದು ದೊಡ್ಡದು ಎನ್ನದೆ, ದಡಕ್ಕೆ ತರುತ್ತಿದ್ದುದರಿಂದ ಹಿಂಡಿನ ರಚನೆಯನ್ನು ತಿಳಿಯಲು ಅದು ಸಂಶೋಧಕನಿಗೆ ಅತ್ಯುತ್ತಮ ಮಾದರಿ ಒದಗಿಸುತ್ತಿತ್ತು. ಆದರೆ ಬಲೆಯೊಳಗೆ ದಿನವೆರಡು ದಿನ ಸೆರೆಯಿದ್ದ ಮೀನಿನ ಹೊಟ್ಟೆ ಅದು ಸ್ವತಂತ್ರವಾಗಿ ಮೇದುದರ ಸಾಕ್ಷಿಯಾಗಲಾರದು. ಬಲೆ ಬಿಟ್ಟ ಗಳಿಗೆಯನ್ನು ಬಲೆಯ ಯಜಮಾನನನ್ನು ಕೇಳಿ ಬರೆದುಕೊಳ್ಳದ ಲೆಕ್ಕಕ್ಕೆ ಬೆಲೆಯಿಲ್ಲ. ಎಲ್.ಬಿ. ಪ್ರಧಾನ್ 1956ರಲ್ಲಿ ಕಾರವಾರದ ಬಂಗುಡೆ ಮೀನುಗಾರಿಕೆಯನ್ನು ಕುರಿತು, ಎ. ನೋಬಲ್ 1962ರಲ್ಲಿ ಕಾರವಾರದ ಬಂಗುಡೆಯ ಆಹಾರವನ್ನು ಕುರಿತು ಬರೆದ ಲೇಖನಗಳೂ, ಎಂ.ಎಚ್. ಧುಳಖೇಡ್ ಅವರು ಬೂತಾಯಿಯ ಆಹಾರವನ್ನೂ ಜಿ.ಜಿ. ಅಣ್ಣಿಗೇರಿ ಅವರು ಕಾರವಾರದ ಬೂತಾಯಿ ಮೀನುಗಾರಿಕೆಯನ್ನೂ ಕುರಿತು 1960ರ ದಶಕದಲ್ಲಿ ನಡೆಸಿದ ಅಧ್ಯಯನಗಳೂ ಇಂಥ ದಡದ ದುಡಿಮೆಯ ಫಲ. 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ, ದೇಶದಲ್ಲೇ ಮೊದಲನೆಯದಾದ ಮೀನುಗಾರಿಕೆ ಕಾಲೇಜು ಈ ವಿದ್ಯೆಯನ್ನು ಪಠ್ಯಕ್ರಮವಾಗಿಸಿತು.

ಹಿಂಡಿನ ನಡವಳಿಕೆಯನ್ನು ದೋಣಿಯಿಂದಲೇ ನೋಡಿ ದಾಖಲಿಸುವ ಕೆಲಸ ಆಹಾರದ ಅಧ್ಯಯನಕ್ಕಿಂತ ನಿಧಾನವಾಗಿ ಬೆಳೆಯಿತು. ಬೂತಾಯಿಯ ಹಿಂಡುಗಳನ್ನು ಕುರಿತ ವಿ. ಬಾಲನ್ ಅವರ 1961ರ ಲೇಖನ ಈ ದಿಕ್ಕಿನಲ್ಲಿ ಮೊದಲ ಗಟ್ಟಿ ಹೆಜ್ಜೆಗಳಲ್ಲೊಂದು. ಹತ್ತು ವರ್ಷಗಳ ನಂತರ, 1971ರಲ್ಲಿ, ವಿಶ್ವಸಂಸ್ಥೆಯ ನೆರವಿನಿಂದ ಕೊಚ್ಚಿಯಲ್ಲಿ ಆರಂಭವಾದ ಮೇಲ್ಸ್ತರದ ಮೀನುಗಳ ಯೋಜನೆ, ಮೀನುಗಳ ಹೆಸರನ್ನೇ ಹೊತ್ತ ರಾಸ್ಟ್ರೆಲ್ಲಿಜರ್ ಮತ್ತು ಸಾರ್ಡಿನೆಲ್ಲ ಎಂಬ ಎರಡು ಹಡಗುಗಳಲ್ಲಿ ಎಕೋಸೌಂಡರ್ ಬಳಸಿ ನೈಋತ್ಯ ಕರಾವಳಿಯ ಹಿಂಡುಗಳನ್ನು ಸಮೀಕ್ಷಿಸಿತು. ಎಕೋಸೌಂಡರ್ ಹಡಗಿನಿಂದ ನೀರಿಗೆ ಧ್ವನಿಯನ್ನು ಬಿಟ್ಟು, ಹಿಂಡಿಗೆ ತಾಗಿ ಮರಳಿದ ಪ್ರತಿಧ್ವನಿಯಿಂದ ಅದರ ಆಳ ಮತ್ತು ದಟ್ಟಣೆಯನ್ನು ಅಳೆಯುವ ಯಂತ್ರ. ಮೀನಿನ ದೇಹದಲ್ಲಿ ಈ ಧ್ವನಿಯನ್ನು ಹೆಚ್ಚಾಗಿ ಮರಳಿಸುವುದು ಗಾಳಿಚೀಲ, ಅಂದರೆ ನೀರಿನಲ್ಲಿ ಮುಳುಗದೆ ತೇಲದೆ ನಿಲ್ಲಲು ಬಹಳಷ್ಟು ಮೀನುಗಳಿಗೆ ನೆರವಾಗುವ, ಅನಿಲ ತುಂಬಿದ ಒಳಚೀಲ. ಇದೇ ದಶಕದ ನಡುವಿನಿಂದ ಕರ್ನಾಟಕದ ಕರಾವಳಿಗೆ ಬಂದ, ಪರ್ಸೀನ್ ಎಂಬ ಸುತ್ತುಬಲೆಯ ಬೋಟುಗಳು ಹಿಂಡು ದಡಕ್ಕೆ ಬರುವ ಮುಂಚೆಯೇ ಅದನ್ನು ಹೊರಗಡಲಲ್ಲಿ ಸುತ್ತುವರಿದವು. ರಂಪಣಿಯವರ ಬದುಕು ಕುಸಿಯಿತು. ನೂರಾರು ಮನೆಗಳ ಪಾಲಿನ ಮೇಲೆ ನಿಂತಿದ್ದ ಒಂದು ಕೂಡುದುಡಿಮೆಯ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಇಲ್ಲವಾದುದು ಕರಾವಳಿಯ ಸಮಾಜಚರಿತ್ರೆಯ ನೋವಿನ ಅಧ್ಯಾಯ. ಅದರೊಂದಿಗೆ ದಡದಲ್ಲೇ ಕುಳಿತು ಇಡೀ ಹಿಂಡನ್ನು ನೋಡುವ ಅನುಕೂಲವೂ ವಿಜ್ಞಾನಕ್ಕೆ ತಪ್ಪಿತು.

ಮೀನಿನ ಧ್ವನಿಯ ಅಧ್ಯಯನ ಇವೆಲ್ಲಕ್ಕಿಂತ ತಡವಾಗಿ ಬಂದುದು ವಿಚಿತ್ರವಾದರೂ ಸತ್ಯ. ಕೆಲವು ಮೀನುಗಳು ಸದ್ದು ಮಾಡುತ್ತವೆ ಎಂಬುದು ಅರಿಸ್ಟಾಟಲನ ಕಾಲಕ್ಕೇ ತಿಳಿದಿತ್ತು. ಮಂಗಳೂರಿನ ಕಡೆ ಕಲ್ಲೂರು ಎನ್ನುವ ಮೀನುಗಳ ವಂಶದಲ್ಲಿ ಗಾಳಿಚೀಲದ ಪಕ್ಕದ ವಿಶೇಷ ಸ್ನಾಯುಗಳು ಬಲು ವೇಗವಾಗಿ ಸಂಕೋಚಗೊಂಡು ಆ ಚೀಲವನ್ನು ನಗಾರಿಯ ಹಾಗೆ ನುಡಿಸುತ್ತವೆ. ಮೊಟ್ಟೆಯಿಡುವ ಕಾಲದ ಸಂಜೆಗಳಲ್ಲಿ ಗಂಡುಮೀನುಗಳು ಕೂಡಿ ಹೊರಡಿಸುವ ಈ ದನಿ ಹೆಣ್ಣುಗಳನ್ನು ಸೆಳೆಯುತ್ತದೆ. ಆದರೆ ಭಾರತದ ತೀರದಲ್ಲಿ ಆ ಗಾಳಿಚೀಲವನ್ನು ಗಮನಿಸಿದವರು ಮೊದಲು ವ್ಯಾಪಾರಿಗಳು. ಒಣಗಿಸಿದ ಗಾಳಿಚೀಲ ಚೀನಾಕ್ಕೆ ರಫ್ತಾಗುತ್ತಿತ್ತು. ಯುರೋಪಿನಲ್ಲಿ ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟು ಬೇಕಾಗಿತ್ತು, ಅದಕ್ಕಾಗಿ ರಷ್ಯವನ್ನು ಅವಲಂಬಿಸುವುದು ತಪ್ಪಲಿ ಎಂದು ಜಾನ್ ಫೋರ್ಬ್ಸ್ ರಾಯ್ಲ್ 1842ರಲ್ಲಿ ಭಾರತದ ತೀರಗಳ ಐಸಿಂಗ್ಲಾಸ್ ಉತ್ಪಾದನೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದನು. ದನಿಯ ಅಂಗ ತಕ್ಕಡಿಯಲ್ಲಿ ತೂಗಿಸಿಕೊಂಡ ಶತಮಾನದಾಚೆಗೆ, ಆ ದನಿಯನ್ನೇ ಕಿವಿಗೊಟ್ಟು ಕೇಳುವ ಶಾಸ್ತ್ರ ಬಂತು.

ಬಂದುದೂ ಯುದ್ಧದ ದೆಸೆಯಿಂದ. 1942ರಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಶತ್ರುಗಳ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೀರೊಳಗೆ ಇಳಿಬಿಟ್ಟ ಹೈಡ್ರೋಫೋನ್‌ಗಳು, ಅಂದರೆ ನೀರಿನಡಿಯ ಮೈಕ್ರೋಫೋನುಗಳು, ಇಡೀ ಕೊಲ್ಲಿಯೇ ಡೋಲು ಬಾರಿಸುತ್ತಿರುವಂಥ ಗದ್ದಲವನ್ನು ದಾಖಲಿಸಿದವು. ಅದು ಕ್ರೋಕರ್ ಎಂಬ, ಕಲ್ಲೂರಿನ ವಂಶದ್ದೇ ಆದ ಮೀನಿನ ಸದ್ದು. ಯುದ್ಧ ಮುಗಿದ ಮೇಲೆ ಆ ದೇಶದ ನೌಕಾಪಡೆ ಮೇರಿ ಪೋಲೆಂಡ್ ಫಿಶ್ ಎಂಬ ವಿಜ್ಞಾನಿಯ ನೆರವು ಪಡೆಯಿತು. ರೋಡ್ ಐಲೆಂಡಿನ ನರಗಾನ್ಸೆಟ್ ಪ್ರಯೋಗಾಲಯದಲ್ಲಿ ಆಕೆ ಎರಡು ದಶಕಗಳಿಗೂ ಹೆಚ್ಚು ಕಾಲ ನೂರಾರು ಜಾತಿಯ ಮೀನುಗಳನ್ನು ತೊಟ್ಟಿಗಳಲ್ಲಿರಿಸಿ, ಬೇಕಾದಲ್ಲಿ ಸೌಮ್ಯವಾದ ವಿದ್ಯುತ್ ಸ್ಪರ್ಶದಿಂದ ದನಿಗೂಡಿಸಿ, ಒಂದೊಂದರ ಸದ್ದನ್ನೂ ಧ್ವನಿಮುದ್ರಿಸಿದರು. ವಿಲಿಯಂ ಮೌಬ್ರೆಯೊಡನೆ 1970ರಲ್ಲಿ ಆಕೆ ಪ್ರಕಟಿಸಿದ ಗ್ರಂಥ ಮೀನಿನ ಧ್ವನಿಗಳ ಅಧ್ಯಯನಕ್ಕೆ ಬುನಾದಿಯಾಯಿತು. ಆದರೆ ಕಿವಿಯಿಂದ ಮೀನನ್ನು ಹುಡುಕುವ ವಿದ್ಯೆ ಏಷ್ಯಕ್ಕೆ ಹೊಸತಾಗಿರಲಿಲ್ಲ. ಮಲಯಾ ಪರ್ಯಾಯದ್ವೀಪದ ಪೂರ್ವ ಕರಾವಳಿಯಲ್ಲಿ ಜುರು ಸೆಲಾಮ್ ಎನಿಸಿಕೊಂಡ ನಿಪುಣರು ದೋಣಿಯ ಪಕ್ಕದ ನೀರಿನಲ್ಲಿ ತಲೆ ಮುಳುಗಿಸಿ ಹಿಂಡಿನ ಸದ್ದನ್ನು ಆಲಿಸಿ, ಬಲೆ ಎಲ್ಲಿ ಬಿಡಬೇಕೆಂದು ಹೇಳುತ್ತಿದ್ದರು. ಮಾನವಶಾಸ್ತ್ರಜ್ಞ ರೇಮಂಡ್ ಫರ್ತ್ 1946ರ ತನ್ನ ಗ್ರಂಥದಲ್ಲಿ ಮಲಯ ಮೀನುಗಾರರ ಬದುಕಿನ ಭಾಗವಾಗಿ ಇವರನ್ನು ವಿವರಿಸಿದ್ದಾನೆ. ವಿಜ್ಞಾನದ ಚರಿತ್ರೆಗಳು ಚೆಸಪೀಕಿನ ಹೈಡ್ರೋಫೋನಿನಿಂದ ಆರಂಭವಾಗಿ ಈ ಕಿವಿಗಳನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ.

ಬೂತಾಯಿ ಕಲ್ಲೂರಿನಂತೆ ದನಿಮಾಡುವ ಮೀನಲ್ಲ. ಆದರೆ ಅದು ಸೇರಿದ ವಂಶದ ಮೀನುಗಳ ಶ್ರವಣ ತೀಕ್ಷ್ಣ. ಗಾಳಿಚೀಲದ ಕಿರುಗೊಳವೆಗಳು ತಲೆಬುರುಡೆಯೊಳಗೆ ಒಳಕಿವಿಯವರೆಗೆ ಚಾಚಿ, ನೀರಿನ ಸೂಕ್ಷ್ಮ ಕಂಪನಗಳನ್ನೂ ಅಲ್ಲಿಗೆ ಮುಟ್ಟಿಸುತ್ತವೆ. ದೋಣಿಯ ಅಂಚನ್ನು ಬಡಿದು ಮೀನನ್ನು ಬಲೆಯ ಕಡೆಗೆ ಅಟ್ಟುವ ಹಳೆಯ ವಾಡಿಕೆಯ ಹಿಂದಿನ ಅಂಗರಚನೆ ಇದು. ಭಾರತದ ಪಶ್ಚಿಮ ಕರಾವಳಿಯಲ್ಲಿ ಮೀನುಗಳ ಸಾಮೂಹಿಕ ದನಿಯನ್ನು ಹೈಡ್ರೋಫೋನಿನಿಂದ ವ್ಯವಸ್ಥಿತವಾಗಿ ದಾಖಲಿಸುವ ಕೆಲಸಕ್ಕೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಕಳೆದ ದಶಕದಲ್ಲಿ ಜುವಾರಿ ಅಳಿವೆ ಮತ್ತು ಗ್ರಾಂಡೆ ದ್ವೀಪದ ಸುತ್ತ ಕೈಹಾಕಿದರು. ಟೆರಪಾನ್ ಮತ್ತು ಕಲ್ಲೂರಿನ ವಂಶದ ಮೀನುಗಳ ಮೇಳಗಳು ಅವರ ಯಂತ್ರಗಳಲ್ಲಿ ದಾಖಲಾಗಿವೆ. ಬಲೆ ಬೀಸದೆ, ಮೀನನ್ನು ಕೊಲ್ಲದೆ ಅದರ ಇರುವಿಕೆಯನ್ನೂ ಮೊಟ್ಟೆಯಿಡುವ ಜಾಗವನ್ನೂ ತಿಳಿಯಬಹುದಾದ ಈ ದಾರಿಯನ್ನು ಕಾರವಾರ, ಮಲ್ಪೆ, ಮಂಗಳೂರಿನ ನೀರಿಗೂ ವಿಸ್ತರಿಸುವ ಅಗತ್ಯ ಬಹಳವಿದೆ.

ಈ ನಡುವೆ ಬೂತಾಯಿಯ ಹಳೆಯ ಏರಿಳಿತ ಮರುಕಳಿಸಿತು. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್‌ಗಳ ಸಮೀಪ ಸಿಕ್ಕಿದ್ದ ಮೀನು 2021ರಲ್ಲಿ ಸುಮಾರು 3,300 ಟನ್‌ಗೆ ಇಳಿಯಿತು. ಕುಸಿತದ ಕಾರಣಗಳ ಪಟ್ಟಿಗೆ ಪೆಸಿಫಿಕ್ ಸಾಗರದ ಮೇಲ್ನೀರು ಬಿಸಿಯೇರುವ ಎಲ್ ನಿನೋ ಕೂಡ ಸೇರಿತು. ದೇವನೇಸನ್ನರ ಕಾಲದಿಂದ ನಡೆದ ಚರ್ಚೆಯ ಎರಡೂ ಪಕ್ಷಗಳು ಈಗ ಒಂದೇ ಕಡತದಲ್ಲಿವೆ: ಒಂದು ಕಡೆ ಕಡಲಿನ ತಾಪ ಮತ್ತು ಪ್ಲವಕ, ಇನ್ನೊಂದು ಕಡೆ 1943ರಲ್ಲಿ ಊಹಿಸಲೂ ಆಗದಿದ್ದ ಶಕ್ತಿಯ ಬೋಟುಗಳು. ಕೇರಳ 2015ರಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಉದ್ದವನ್ನು ನಿಗದಿಪಡಿಸಿ, ಅದಕ್ಕಿಂತ ಚಿಕ್ಕ ಮೀನು ಹಿಡಿಯುವುದನ್ನು ನಿಷೇಧಿಸಿತು. ಇಂಥ ಕಟ್ಟಳೆಗೆ ಬೇಕಾದ ಅಂಕಿಗಳು ಉಪಗ್ರಹದಿಂದಲೋ ಎಕೋಸೌಂಡರಿನಿಂದಲೋ ಸಿಗುವುದಿಲ್ಲ. ಮೀನು ಎಷ್ಟು ಉದ್ದವಾದಾಗ ಬಲಿಯುತ್ತದೆ, ಯಾವ ತಿಂಗಳಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಇಂದಿಗೂ ಮೀನಿಳಿಸುವ ಧಕ್ಕೆಗಳಲ್ಲಿ ಬೆಳಗಿನ ರಾಶಿಯಿಂದ ಆರಿಸಿದ ಮೀನನ್ನು ಅಳೆದು, ಸೀಳಿ, ಬರೆದಿಡುವ ಕೆಲಸದಿಂದಲೇ ತಿಳಿಯುತ್ತದೆ, ಮತ್ತು ಆ ಕೆಲಸಕ್ಕೆ ಸಾಕಷ್ಟು ಜನರನ್ನೂ ಹಣವನ್ನೂ ಒದಗಿಸುವುದು ಸರ್ಕಾರಗಳ ಮೇಲಿನ ಹೊಣೆಯಾಗಿದೆ.